ಗುಂಡಮ್ಮನ ಬಲಗೈ

ಇವತ್ತು ಬೆಳಿಗ್ಗೆ ಎದ್ದು ಹಲ್ಲುಜ್ಜಕ್ಕೆ ಹೋಗೋ ದಾರೀಲಿ ಟಿವಿ ಸ್ಟ್ಯಾಂಡ್ ಕಡೆ ಕಣ್ಣು ಹೋಯ್ತು, ನೋಡಿದ್ರೆ ರೋಬೋಟಿಗೆ ಬಲಗೈ ಇಲ್ಲ. ರಾತ್ರಿ ಇತ್ತು. ಮಲಗೋಕೆ ಮುಂಚೆ ನಾನೇ ಆ ಕೈಯನ್ನ ಮೇಲೆತ್ತಿಸಿ, ಏನೋ ದೊಡ್ಡ ಯುದ್ಧ ಗೆದ್ದು ಬಂದೋನ ಥರ ನಿಲ್ಲಿಸಿ, ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿ, ಯಾರೂ ಒಂದು ಹೆಬ್ಬೆಟ್ಟೂ ಒತ್ತದೆ ಇದ್ದಿದ್ದಕ್ಕೆ ಬೇಜಾರು ಮಾಡ್ಕೊಂಡು ಮಲಗಿದ್ದು.

"ಅಮ್ಮಾ, ಇದರ ಕೈ ಎಲ್ಲಿ?"

ಅಡುಗೆಮನೆಯಿಂದ ಒಗ್ಗರಣೆ ಚಟಪಟದ ಮಧ್ಯೆ ಉತ್ತರ ಬಂತು. "ಧೂಳು ಒರೆಸ್ತಿದ್ದೆ ಕಣೋ, ಗುಂಡಮ್ಮನ ಕೈ ಕಳಚ್ಕೊಂಡು ಬಿತ್ತು. ಜೋಪಾನವಾಗಿ ಎತ್ತಿಟ್ಟಿದೀನಿ."

ಆಯ್ತು, ಮುಗೀತು. ಕಳೆದುಹೋಗಿದೆ ಅಂದಿದ್ರೆ ಹುಡುಕಬಹುದಿತ್ತು, ಸೋಫಾ ಸರಿಸಿ, ಮಂಚದ ಕೆಳಗೆ ಟಾರ್ಚ್ ಬಿಟ್ಟು. ಕಸದ ಜೊತೆ ಹೋಯ್ತು ಅಂದಿದ್ರೂ ಲುಂಗಿ ಎತ್ತಿಕಟ್ಟಿ ಕಸದ ಗಾಡಿ ಹಿಂದೆ ಓಡಬಹುದಿತ್ತು, ನಮ್ಮ ಬೀದಿಗೆ ಅದು ಏಳೂವರೆಗೆ ಬರತ್ತೆ. ಆದ್ರೆ "ಜೋಪಾನವಾಗಿ ಎತ್ತಿಟ್ಟಿದೀನಿ" ಅಂದ್ರೆ ಆ ವಸ್ತು ಈ ಯುಗದಲ್ಲಿ ಸಿಗಲ್ಲ ಅಂತ ಅರ್ಥ. ಮನೇಲೇ ಇರತ್ತೆ, ಅದು ಗ್ಯಾರಂಟಿ. ಎಲ್ಲಿ ಅಂತ ಅಮ್ಮನಿಗೂ ಗೊತ್ತಿರಲ್ಲ, ಯಾಕಂದ್ರೆ ಜೋಪಾನದ ಜಾಗ ಅಂದ್ರೇನೇ ಯಾರ ಕೈಗೂ ಸಿಗದೇ ಇರೋ ಜಾಗ, ಆ ಯಾರಲ್ಲಿ ಅವಳೂ ಒಬ್ಬಳು. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಹಿಂಗೇ ಜೋಪಾನವಾಗಿ ಹೋಗಿ, ಪಾಸ್‌ಪೋರ್ಟ್ ಟೈಮಲ್ಲಿ ಅಲೆದು ಅಲೆದು ಡೂಪ್ಲಿಕೇಟ್ ತಗೊಂಡು, ಡೂಪ್ಲಿಕೇಟ್ ಕೈಗೆ ಬಂದ ಮೂರನೇ ದಿನ ಗೌರಿ ಬಾಗಿನದ ಮೊರ ಇಳಿಸೋವಾಗ ಒರಿಜಿನಲ್ಲು ಅದರೊಳಗಿಂದ ಬಿತ್ತು. ಅಮ್ಮ ಏನಂದ್ಲು ಗೊತ್ತಾ? "ನೋಡಿದ್ಯಾ, ನಾನು ಹೇಳ್ಲಿಲ್ವಾ ಎಲ್ಲೂ ಹೋಗಿರಲ್ಲ ಅಂತ."

ಈ ರೋಬೋಟಿನ ರಾಮಾಯಣ ಶುರುವಾಗಿದ್ದು ಮಗನಿಂದ. ಏಳನೇ ಕ್ಲಾಸು. ಅವನ ಕ್ಲಾಸಲ್ಲಿ ಯಾರದೋ ಚಿಕ್ಕಪ್ಪ ಜಪಾನಿಗೆ ಹೋದೋರು ಗಂಡಮ್ ಕಿಟ್ ತಂದ್ಕೊಟ್ಟಿದಾರೆ, ಆ ಹುಡುಗ ಅದನ್ನ ಜೋಡಿಸಿ ಸ್ಕೂಲಿಗೆ ತಂದು ತೋರಿಸಿದಾನೆ, ಇವನಿಗೆ ಮೂರು ದಿನ ಗಂಟಲಲ್ಲಿ ಅನ್ನ ಇಳೀಲಿಲ್ಲ. ಅಪ್ಪ ಗಂಡಮ್ ಬೇಕು, ಅಪ್ಪ ಗಂಡಮ್ ಬೇಕು ಅಂತ ಒಂದೇ ಜಪ. ಪಕ್ಕದಲ್ಲಿ ಹೂ ಕಟ್ತಾ ಕೂತಿದ್ದ ಅಮ್ಮ ತಲೆ ಎತ್ತಿ "ಯಾರೋ ಅದು ಗುಂಡಮ್ಮ? ಅವಳ್ಯಾಕೆ ಬೇಕು ನಿಂಗೆ?" ಅಂದ್ಲು. ಅವತ್ತಿಂದ ನಮ್ಮನೇಲಿ ಅದು ಗುಂಡಮ್ಮನೇ.

ಗೊತ್ತಿಲ್ಲದೋರಿಗೆ ಹೇಳ್ಬಿಡ್ತೀನಿ, ನಂಗೂ ಆಮೇಲೇ ಗೊತ್ತಾಗಿದ್ದು, ರಾತ್ರಿ ಒಂದೂವರೆವರೆಗೂ ವಿಡಿಯೋ ನೋಡಿ ನೋಡಿ. 1979ರಲ್ಲಿ ಜಪಾನಿನ ಟಿವೀಲಿ ಗಂಡಮ್ ಅಂತ ಒಂದು ರೋಬೋಟ್ ಕಾರ್ಟೂನ್ ಬಂತು, ಮೊದಲ ಸಲ ಅಷ್ಟೇನೂ ಓಡ್ಲಿಲ್ಲ, ಅಂದ್ಕೊಂಡಿದ್ದಕ್ಕಿಂತ ಬೇಗ ಮುಗಿಸಿಬಿಟ್ರು. ಮಾರನೇ ವರ್ಷ 1980ರಲ್ಲಿ ಬಂದಾಯ್ ಅನ್ನೋ ಕಂಪನಿ (ಬಂಡಾಯ ಅಲ್ಲ, ಬಂದಾಯ್) ಅದರ ಪ್ಲಾಸ್ಟಿಕ್ ಕಿಟ್ ಮಾಡಿ 300 ಯೆನ್ನಿಗೆ ಮಾರಕ್ಕೆ ಶುರು ಮಾಡ್ತು, ಜನ ಮುಗಿಬಿದ್ರು, ಇವತ್ತಿಗೂ ಮುಗಿಬೀಳ್ತಾನೇ ಇದಾರೆ. ಕಥೆ ಪ್ರಕಾರ ಆ ರೋಬೋಟಿನ ಎತ್ತರ 18 ಮೀಟರು. ನಮ್ಮೂರು ಚನ್ನರಾಯಪಟ್ಟಣ, ಹಾಗಾಗಿ ನಂಗೆ ಎತ್ತರ ಅಂದ್ರೆ ಒಂದೇ ಅಳತೆ, ಪಕ್ಕದ ಶ್ರವಣಬೆಳಗೊಳದ ಗೊಮ್ಮಟ, 57 ಅಡಿ ಅಂತ ಸ್ಕೂಲಲ್ಲಿ ಬಾಯಿಪಾಠ. 18 ಮೀಟರು ಅಂದ್ರೆ 59 ಅಡಿ. ಎರಡಡಿ ಹೆಚ್ಚುಕಮ್ಮಿ ಇಬ್ಬರೂ ಒಂದೇ. ಯೋಕೊಹಾಮಾದಲ್ಲಂತೂ 2020ರ ಕೊನೇಲಿ ಅಷ್ಟೇ ಎತ್ತರದ್ದನ್ನ ನಿಜವಾಗ್ಲೂ ನಿಲ್ಲಿಸಿ ಕೈಕಾಲು ಆಡಿಸಿ ತೋರಿಸಿದ್ರು, 2024ರ ಮಾರ್ಚ್‌ವರೆಗೂ ಇತ್ತು. ಅಂಗಡೀಲಿ ಸಿಗೋ ಸಾಮಾನ್ಯ ಕಿಟ್ಟು ಅದರ 144ರಲ್ಲಿ ಒಂದು ಪಾಲು, ಹನ್ನೆರಡೂವರೆ ಸೆಂಟಿಮೀಟರು, ಒಂದು ಗೇಣೂ ಇಲ್ಲ. ಚಾವುಂಡರಾಯ ಪುಣ್ಯಾತ್ಮ, ಒಂದೇ ಬಂಡೇಲಿ ಕೆತ್ತಿಸ್ಬಿಟ್ಟ. ಪಾರ್ಟ್ ನಂಬರಿಲ್ಲ, ಎಡಗೈ ಬಲಗೈ ಅದಲುಬದಲು ಆಗೋ ಚಾನ್ಸಿಲ್ಲ, ಸಾವಿರ ವರ್ಷ ಆದ್ರೂ ಯಾರೂ ಧೂಳು ಒರೆಸೋವಾಗ ಕೈ ಕಳಚಿ ಎತ್ತಿಟ್ಟಿಲ್ಲ.

ಒರಿಜಿನಲ್ ಜಪಾನ್ ಕಿಟ್ಟು ಆನ್‌ಲೈನಲ್ಲಿ ಎರಡು ಸಾವಿರದ ಮೇಲೆ ತೋರಿಸ್ತು. ಅದರ ಕೆಳಗಡೇನೇ ಇನ್ನೊಂದು, ಹೆಚ್ಚುಕಮ್ಮಿ ಅದೇ ಥರ ಮುಖ, ಅದೇ ಥರ ಕೊಂಬು, ದಾಯಾದಿ ಅನ್ನಬಹುದು, 649 ರೂಪಾಯಿ, ಡೆಲಿವರಿ ಫ್ರೀ. ನಾನು ಯಾವತ್ತೂ ಕೇಳಿರದ ಬ್ರ್ಯಾಂಡು. ಬಾಕ್ಸ್ ಮೇಲಿದ್ದ ಹೆಸರನ್ನ ನಮ್ಮನೇಲಿ ಮೂರು ಜನ ಮೂರು ಥರ ಓದಿದ್ವಿ, ನನ್ನ ಹೆಂಡತಿ ಓದಿದ್ದು ಕೇಳಿದ್ರೆ ಹೊಟ್ಟೆಹುಳದ ಔಷಧಿ ಥರ ಇತ್ತು. ಇಲ್ಲಿ ಬರೆಯಲ್ಲ ಬಿಡಿ, ಪಾಪ, ಅವರಿಗೂ ಹೊಟ್ಟೆಪಾಡು.

ಮಗ ಇಪ್ಪತ್ತು ನಿಮಿಷ ಕೂತ. ಒಂದು ಪಾದ ಮಾಡಿದ. ಆಮೇಲೆ ಕೆಳಗಡೆಯಿಂದ ಯಾರೋ ಕ್ರಿಕೆಟ್ಟಿಗೆ ಕೂಗಿದ್ರು, "ಅಪ್ಪ ನೀನು ಸ್ವಲ್ಪ ಮಾಡಿರು" ಅಂತ ಹೋದೋನು ಹೋದ, ಇವತ್ತಿಗೆ ಐದು ವಾರ ಆಯ್ತು. ನನ್ನ ಹೆಂಡತಿ ಅವತ್ತೇ ಹೇಳಿದ್ಲು, "ರೀ, ಇದು ಅವನಿಗೆ ಅಂತ ತರಿಸಿದ್ದೋ ನಿಮಗೆ ಅಂತ ತರಿಸಿದ್ದೋ, ನಿಜ ಹೇಳಿ." ನಾನು ಉತ್ತರ ಕೊಡ್ಲಿಲ್ಲ, ಯಾಕಂದ್ರೆ ಆ ಹೊತ್ತಿಗೆ ಎರಡನೇ ಪಾದ ಅರ್ಧ ಆಗಿತ್ತು.

ಈ ಕಿಟ್ಟುಗಳು ಹೆಂಗೆ ಅಂದ್ರೆ ಪಾರ್ಟುಗಳು ಬಿಡಿಬಿಡಿಯಾಗಿ ಬರಲ್ಲ. ಪ್ಲಾಸ್ಟಿಕ್ಕಿನ ಒಂದು ಚೌಕಟ್ಟು ಇರತ್ತೆ, ರನ್ನರ್ ಅಂತಾರೆ, ಅದಕ್ಕೆ ಬಳ್ಳೀಲಿ ಕಾಯಿ ಬಿಟ್ಟ ಹಾಗೆ ಪಾರ್ಟುಗಳು ಅಂಟ್ಕೊಂಡಿರತ್ತೆ. ಕರಗಿದ ಪ್ಲಾಸ್ಟಿಕ್ಕು ಅಚ್ಚಿನೊಳಗೆ ಹರಿದು ಹೋದ ಕಾಲುವೇನೇ ಗಟ್ಟಿಯಾಗಿ ಆ ಕಡ್ಡಿ ಆಗಿರೋದು. ಒಂದೊಂದು ಚೌಕಟ್ಟಿಗೂ ಎ, ಬಿ, ಸಿ ಅಂತ ಹೆಸರು, ಒಂದೊಂದು ಪಾರ್ಟಿನ ಪಕ್ಕದಲ್ಲೂ ಕಡ್ಡಿ ಮೇಲೆ ನಂಬರು. ಬುಕ್ಕು ನೋಡೋದು, ಬಿ-6 ಕತ್ತರಿಸೋದು, ಬಿ-7ಕ್ಕೆ ಒತ್ತೋದು, ಟಕ್ ಅನ್ನತ್ತೆ, ಗಮ್ ಬೇಡ. ಒಂದು ವಿಷಯ ಮಾತ್ರ ಗಮನ ಇಟ್ಕೊಳಿ, ಮುಂದೆ ಬೇಕಾಗತ್ತೆ: ನಂಬರು ಇರೋದು ಕಡ್ಡಿ ಮೇಲೆ, ಪಾರ್ಟ್ ಮೇಲಲ್ಲ.

ಒರಿಜಿನಲ್ಲು ಟಕ್ ಅನ್ನತ್ತಂತೆ. ನಂದು ಅನ್ನಲಿಲ್ಲ. ಕೆಲವು "ಕಟಕ್" ಅಂತು, ಅಂದ್ರೆ ಮುರೀತು. ಭುಜದ ಗೂಟ ಅದರ ತೂತಿಗಿಂತ ದಪ್ಪ, ಹೆಬ್ಬೆರಳಲ್ಲಿ ಒತ್ತಿ ಒತ್ತಿ ಉಗುರು ನೀಲಿ ಆಯ್ತು. ಮೊಣಕಾಲು ಉಲ್ಟಾ, ತೂತು ದೊಡ್ಡದು ಗೂಟ ಸಣ್ಣದು, ನಿಲ್ಲಿಸಿದ್ರೆ ನಿಧಾನಕ್ಕೆ ಕೂತ್ಕೊಂಡುಬಿಡತ್ತೆ, ಥೇಟ್ ನಮ್ಮ ದೊಡ್ಡಪ್ಪ ಮದುವೆಮನೇಲಿ ಕುರ್ಚಿ ಕಂಡಾಗ ಕೂರೋ ಹಾಗೆ. ಕತ್ತರಿಸಕ್ಕೆ ನಿಪ್ಪರ್ ಅಂತ ಬೇರೆ ಬರತ್ತೆ, ಅದಕ್ಕೆ ಇನ್ನೊಂದು ನಾನೂರು ಯಾಕೆ ಅಂತ ನೇಲ್ ಕಟರ್ ತಗೊಂಡೆ. ಅದರ ಬಾಯಿ ಬಗ್ಗಿರತ್ತಲ್ಲ, ಪ್ರತಿಯೊಂದು ಪಾರ್ಟಿನ ಅಂಚಲ್ಲೂ ಇಲಿ ಕಚ್ಚಿದ ಹಾಗೆ ಒಂದು ಕೊರೆ. ಅದನ್ನ ಉಜ್ಜಕ್ಕೆ ಹೆಂಡತಿಯ ಉಗುರು ಉಜ್ಜೋ ಕಡ್ಡಿ. ಅದು ಎಲ್ಲಿ ಹೋಯ್ತು ಅಂತ ಅವಳು ಎರಡು ದಿನ ಹುಡುಕಿದ್ಲು, ನಾನೂ ಜೊತೇಲಿ ಹುಡುಕಿದೆ. ಭುಜ ಬಿಗಿ ಅಂತ ಅಮ್ಮ ಕೊಬ್ಬರಿ ಎಣ್ಣೆ ಬಾಟ್ಲಿ ಹಿಡ್ಕೊಂಡು ಬಂದ್ಲು, ಎಣ್ಣೆ ತಾಗಿದ್ರೆ ಕೆಲವು ಪ್ಲಾಸ್ಟಿಕ್ಕು ಸೀಳತ್ತೆ ಅಂತ ಓದಿದ್ದೆ, ಬೇಡ ಅಂದೆ. "ಮೈಕೈ ನೋವಿಗೆ ಎಣ್ಣೆ ಬೇಡ ಅಂತಾನೆ, ಏನು ಓದಿದಾನೋ" ಅಂತ ಗೊಣಗ್ತಾ ಹೋದ್ಲು.

ಇನ್ನು ಬುಕ್ಕು. ಪೂರ್ತಿ ಚೀನೀ ಭಾಷೆ. ಚಿತ್ರ ಇದೆ, ಆದ್ರೆ ಚಿತ್ರ ಅಂದ್ರೆ ಹಳೇ ಜೆರಾಕ್ಸಿನ ಜೆರಾಕ್ಸು, ಎಡಗಾಲೂ ಬಲಗಾಲೂ ಮಸಿ ಮಸಿ. ಫೋನ್ ಕ್ಯಾಮೆರಾ ಹಿಡಿದ್ರೆ ಅನುವಾದ ಮಾಡತ್ತಲ್ಲ ಅಂತ ಹಿಡಿದೆ, ಅದೂ ಅಭಿಮಾನಕ್ಕೆ ಕನ್ನಡಕ್ಕೆ ಹಾಕ್ದೆ. ಮೊದಲನೇ ಪೇಜಲ್ಲಿ, "ಈ ಉತ್ಪನ್ನವು ಮೂರು ವರ್ಷದ ಮಗುವನ್ನು ಹೊಂದಿರುವುದಿಲ್ಲ." ಸರಿ. ನಾಲ್ಕನೇ ಪೇಜಲ್ಲಿ, "ಇಬ್ಬರು ಒಂದೇ ತರಹದ ಭುಜರನ್ನು ತಯಾರಿಸಿರಿ." ಅದೂ ಆಗ್ಲಿ. ಆರನೇ ಪೇಜಿಗೆ ಬಂದಾಗ, "ಸೊಂಟವನ್ನು ಹೊಟ್ಟೆಗೆ ಹಾಕಿಕೊಳ್ಳಿ." ನಾವು ತಪ್ಪನ್ನ ಹೊಟ್ಟೆಗೆ ಹಾಕ್ಕೊಳೋ ಜನ, ಸೊಂಟ ಹಾಕ್ಕೊಳೋದು ಹೆಂಗೆ? ಅರ್ಧ ಗಂಟೆ ಆದ್ಮೇಲೆ ಗೊತ್ತಾಗಿದ್ದು, ಸೊಂಟದ ಗೂಟ ಹೊಟ್ಟೆಯ ತೂತಿಗೆ ಹೋಗಬೇಕು ಅಂತ. ಅನುವಾದ ಸರೀನೇ ಇತ್ತು, ನಂದೇ ತಪ್ಪು, ಹೊಟ್ಟೆಗೆ ಹಾಕ್ಕೊಂಡೆ.

ಕೆಳಗಡೆ ಮನೆ ಅಂಕಲ್ ಮೇಂಟೆನೆನ್ಸ್ ದುಡ್ಡಿಗೆ ಬಂದೋರು ನಿಂತು ನೋಡಿದ್ರು.

"ನಡಿಯತ್ತಾ?"

"ಇಲ್ಲ ಅಂಕಲ್."

"ಲೈಟು ಗೀಟು?"

"ಇಲ್ಲ."

"ಮತ್ತೇನು ಮಾಡತ್ತೆ?"

"ನಿಂತ್ಕೊಳ್ಳತ್ತೆ."

"ಅಷ್ಟಕ್ಕೆ ನಂಗೇ ಹೇಳಿದ್ರೆ ಬಂದು ನಿಂತ್ಕೋತಿದ್ನಲ್ಲಯ್ಯ."

ಇರ್ಲಿ. ಇದೆಲ್ಲ ಸಣ್ಣಪುಟ್ಟದ್ದು. ಅಸಲಿ ವಿಷಯಕ್ಕೆ ಬರ್ತೀನಿ.

ಒಂದು ಗುರುವಾರ, ಮನೆಯಿಂದಾನೇ ಕೆಲಸ. ಮಧ್ಯಾಹ್ನ ಊಟ ಆದ್ಮೇಲೆ ಸ್ವಲ್ಪ ಬಿಡುವು ಸಿಕ್ತು, ನಂಗೊಂದು ಅತಿಬುದ್ಧಿ ಹೊಳೀತು. ಒಂದೊಂದೇ ಪಾರ್ಟು ಹುಡುಕಿ ಕತ್ತರಿಸೋದಕ್ಕಿಂತ ಎಲ್ಲಾ ಒಟ್ಟಿಗೆ ಕತ್ತರಿಸಿ ಸಾಲಾಗಿ ಜೋಡಿಸ್ಕೊಂಡ್ರೆ ಬೇಗ ಆಗಲ್ವಾ ಅಂತ. ಇದನ್ನ ಮಾಡ್ಬೇಡಿ ಅಂತ ನಾನು ನೋಡಿದ ಪ್ರತಿ ವಿಡಿಯೋದಲ್ಲೂ ಹೇಳಿದ್ರು. ಮಾಡ್ದೆ. ಹಾಲಲ್ಲಿ ಪೇಪರ್ ಹಾಸಿ, ನೂರಾ ಹತ್ತೋ ಇಪ್ಪತ್ತೋ ಪಾರ್ಟು, ಎ ಸಾಲು, ಬಿ ಸಾಲು, ಸಿ ಸಾಲು, ಪ್ರತಿಯೊಂದರ ಕೆಳಗೆ ಪೆನ್ಸಿಲ್ಲಲ್ಲಿ ನಂಬರು ಬರೆದು, ಆಯುಧಪೂಜೆಗೆ ಸ್ಪ್ಯಾನರ್ ಜೋಡಿಸಿಟ್ಟ ಹಾಗೆ ಜೋಡಿಸಿ, ಎದ್ದು ನಿಂತು ಒಂದ್ಸಲ ನೋಡಿ ಖುಷಿಪಟ್ಟೆ. ಅಷ್ಟರಲ್ಲಿ ಮೀಟಿಂಗು. ಹದಿನೈದು ನಿಮಿಷ ಅಂದಿದ್ದು ಒಂದೂಮುಕ್ಕಾಲು ಗಂಟೆ ಆಯ್ತು, ಮ್ಯಾನೇಜರ್ರು "ಲಾಸ್ಟ್ ಪಾಯಿಂಟ್" ಅಂತ ನಾಲ್ಕು ಸಲ ಅಂದ್ರು.

ಆಚೆ ಬಂದು ನೋಡ್ತೀನಿ, ಹಾಲು ಲಕಲಕ ಅಂತಿದೆ. ಪೇಪರಿಲ್ಲ. ನೆಲ ಒರೆಸಿ ಫಿನಾಯಿಲ್ ವಾಸನೆ.

"ಅಮ್ಮಾ..."

"ಹೆದರ್ಕೋಬೇಡ್ವೋ, ಏನೂ ಬಿಸಾಕಿಲ್ಲ. ಕಾಲಿಗೆ ಸಿಕ್ಕತ್ತೆ ಅಂತ ಎತ್ತಿಟ್ಟೆ. ಚೆನ್ನಾಗಿ ಆರಿಸಿ ಇಟ್ಟಿದೀನಿ ನೋಡು."

ಆರಿಸಿದ್ಲಂತೆ. ಪೇಪರನ್ನ ನಾಲ್ಕೂ ಮೂಲೆ ಹಿಡಿದು ಎತ್ತಿ, ಎಲ್ಲಾ ಮೊರಕ್ಕೆ ಸುರ್ಕೊಂಡು, ಬಿಸಿಲು ಬೀಳೋ ಕಡೆ ಕಾಲು ಚಾಚಿ ಕೂತು, ಅಕ್ಕೀಲಿ ಕಲ್ಲು ಆರಿಸೋ ಹಾಗೆ ಒಂದೊಂದೇ ಆರಿಸಿ, ಬಣ್ಣ ಬಣ್ಣ ಬೇರೆ ಮಾಡಿದಾಳೆ. ಬಿಳಿದೆಲ್ಲಾ ಹಾರ್ಲಿಕ್ಸ್ ಬಾಟ್ಲಿ. ನೀಲಿ ಮೊಸರಿನ ಡಬ್ಬ. ಕೆಂಪು ನಾಲ್ಕೇ ನಾಲ್ಕು ಇತ್ತು, ಅದಕ್ಕೆ ಕುಂಕುಮದ ಭರಣಿ. ಕೀಲುಗಳ ಒಳಗೆ ಹಾಕೋ ಬೂದು ಬಣ್ಣದ ಮೆತ್ತನೆ ರಬ್ಬರಿನಂಥವು ಇರತ್ತೆ, ಅದನ್ನ ಕುಕ್ಕರ್ ವಾಷರ್ ಮುರುಕು ಅಂದ್ಕೊಂಡು ಕುಕ್ಕರ್ ಸಾಮಾನಿನ ಡಬ್ಬಿಗೆ. ಪೇಪರಿನಲ್ಲಿ ನಾನು ಬರೆದ ನಂಬರು? ಆ ಪೇಪರು ಮಡಚಿ ರದ್ದಿಗೆ ಸೇರಿತ್ತು, ಸಿಕ್ಕಿದ್ರೂ ಏನು ಬಂತು, ನಂಬರ್ ಇದೆ, ಅದರ ಮೇಲೆ ಕೂತಿರಬೇಕಾದೋರು ಹಾರ್ಲಿಕ್ಸ್ ಬಾಟ್ಲೀಲಿದಾರೆ. ಐವತ್ತು ಚಿಲ್ಲರೆ ಬಿಳಿ ಪಾರ್ಟು, ಒಂದಕ್ಕೂ ಹೆಸರಿಲ್ಲ ವಿಳಾಸ ಇಲ್ಲ, ಜಾತ್ರೇಲಿ ತಪ್ಪಿಸ್ಕೊಂಡ ಮಕ್ಕಳ ಥರ ಬಾಟ್ಲಿ ಗಾಜಿಗೆ ಮೂತಿ ಒತ್ಕೊಂಡು ನನ್ನೇ ನೋಡ್ತಿದಾವೆ.

"ಅಮ್ಮ, ಆ ಕಡ್ಡಿಗಳಿತ್ತಲ್ಲ, ಖಾಲಿ ಚೌಕಟ್ಟು, ಅದಾದ್ರೂ ಎಲ್ಲಿದೆ?" ಅದಿದ್ರೆ ಒಂದು ದಾರಿ ಇದೆ. ಪ್ರತಿ ಪಾರ್ಟನ್ನೂ ಅದು ಇದ್ದ ಜಾಗಕ್ಕೆ ಹಿಡಿದು ನೋಡಿದ್ರೆ, ಹರಿದ ಬಸ್ ಟಿಕೆಟ್ಟು ಹೊಂದಿಸಿದ ಹಾಗೆ, ಕತ್ತರಿಸಿದ ಗುರುತು ಗುರುತಿಗೆ ಕೂಡಬೇಕು.

ಅಮ್ಮನ ಮುಖ ಅರಳ್ತು. "ಬಾ ತೋರಿಸ್ತೀನಿ."

ಬಾಲ್ಕನಿಗೆ ಕರ್ಕೊಂಡು ಹೋದ್ಲು. ಹಾಗಲಬಳ್ಳಿ. ಎ ಚೌಕಟ್ಟು, ಬಿ ಚೌಕಟ್ಟು, ಸಿ, ಡಿ, ಎಲ್ಲವನ್ನೂ ಹೂ ಕಟ್ಟೋ ದಾರದಲ್ಲಿ ಒಂದಕ್ಕೊಂದು ಬಿಗಿದು, ಗ್ರಿಲ್ಲಿಗೆ ಏರಿಸಿ, ಬಳ್ಳಿ ಹಬ್ಬಿಸಿಬಿಟ್ಟಿದಾಳೆ. ಒಂದೂಮುಕ್ಕಾಲು ಗಂಟೇಲಿ. ಹಾಗಲದ ಸುರುಳಿ ಕುಡಿ ಆಗಲೇ ಸಿ-9ರ ಕಡೆ ಮುಖ ಮಾಡಿತ್ತು. "ಎಷ್ಟು ಚೆನ್ನಾಗಿದೆ ನೋಡು ಕಡ್ಡಿ, ಬಿದಿರಿನ ಥರ ಮಳೇಗೆ ಕೊಳೆಯಲ್ಲ. ಇನ್ನೊಂದು ಗುಂಡಮ್ಮ ತರಿಸಿದ್ರೆ ಹೀರೆಬಳ್ಳಿಗೂ ಆಗತ್ತೆ."

ಬೈಯೋಣ ಅಂದ್ರೆ ಬಾಯಿಗೆ ಮಾತೇ ಬರ್ಲಿಲ್ಲ. ಬಿಚ್ಚೋಣ ಅಂದ್ರೆ, "ಬಳ್ಳಿ ಮುಟ್ಬೇಡ, ಈಗ ತಾನೇ ಹೂ ಕಚ್ತಿದೆ." ಹಾಗಾಗಿ ಸಂಜೆ ಆರೂವರೆಯಿಂದ ಒಂಬತ್ತರವರೆಗೂ ನಾನು ಹಾಗಲಬಳ್ಳಿ ಮುಂದೆ ಕುಕ್ಕರಗಾಲಲ್ಲಿ ಕೂತು, ಬಾಯಲ್ಲಿ ಮೊಬೈಲ್ ಕಚ್ಕೊಂಡು ಟಾರ್ಚ್ ಬಿಟ್ಟು, ಹಾರ್ಲಿಕ್ಸ್ ಬಾಟ್ಲಿಯಿಂದ ಒಂದೊಂದೇ ಬಿಳಿ ಚೂರು ತೆಗೆದು ಎಲೆ ಸರಿಸಿ ಸರಿಸಿ ಚೌಕಟ್ಟಿಗೆ ಹಿಡಿದು ನೋಡ್ದೆ. ಎದುರು ಬಿಲ್ಡಿಂಗಿನ ಆಂಟಿ ಬಟ್ಟೆ ತೆಗೆಯಕ್ಕೆ ಬಂದೋರು ಐದು ನಿಮಿಷ ನೋಡಿದ್ರು, ಒಳಗೆ ಹೋಗಿ ಅಂಕಲ್‌ನ ಕರ್ಕೊಂಡು ಬಂದು ಇಬ್ಬರೂ ನೋಡಿದ್ರು. ಹಾಗಲಗಿಡಕ್ಕೆ ಒಂದೊಂದೇ ಕಾಳು ನೈವೇದ್ಯ ಮಾಡೋ ಯಾವುದೋ ವ್ರತ ಅಂದ್ಕೊಂಡ್ರೋ ಏನೋ, ಆಂಟಿ ಕೈ ಮಾತ್ರ ಮುಗೀಲಿಲ್ಲ ಅಷ್ಟೇ.

ಅಮ್ಮನೂ ಪಕ್ಕದಲ್ಲಿ ಮಣೆ ಹಾಕ್ಕೊಂಡು ಕೂತ್ಲು. ಸಿಟ್ಟು ತರಿಸಿದ್ದು ಏನು ಅಂದ್ರೆ ಅವಳು ನನಗಿಂತ ಬೇಗ ಹೊಂದಿಸ್ತಿದ್ಲು. ನಾನು ಒಂದು ಪಾರ್ಟು ಹಿಡ್ಕೊಂಡು ಎಲ್ಲಾ ಚೌಕಟ್ಟೂ ಸುತ್ತಿ ಬರೋ ಹೊತ್ತಿಗೆ ಇವಳು ಕನ್ನಡಕ ಮೂಗಿನ ತುದಿಗೆ ಇಳಿಸಿ, "ಇದು ಆ ಮೂಲೇದು, ಇದರ ಜೊತೇದು ಅಲ್ಲೇ ಮೇಲೆ, ಇದು ಎಡಗಡೇದಲ್ಲ, ಬಲಗಡೇದು, ಮೂತಿ ನೋಡು" ಅಂತ ಮೂರು ಮುಗಿಸೋಳು. ಅರವತ್ತು ವರ್ಷ ಅಕ್ಕಿ ಬೇಳೆ ಆರಿಸಿದ ಕಣ್ಣು. "ನೀನು ಎಂಜಿನಿಯರ್ ಅಲ್ವೇನೋ?" ಅಂತ ಒಂದ್ಸಲ ಕೇಳಿದ್ಲು, ವ್ಯಂಗ್ಯ ಅಲ್ಲ, ನಿಜವಾಗ್ಲೂ ಅನುಮಾನ ಬಂದು.

ಒಂಬತ್ತು ಗಂಟೆಗೆ ಎಲ್ಲಾ ಸಿಕ್ತು, ಒಂದು ಬಿಟ್ಟು. ಸಿ-17. ಅವಲಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು, ಎರಡೂ ಕಡೆ ಗುಂಡು ಮಧ್ಯೆ ಸಪೂರ, ಕತ್ತಿನ ಕೀಲು. ಅದಿಲ್ದೆ ತಲೆ ನಿಲ್ಲಲ್ಲ.

"ಬಿಳೀದಾ? ಗುಂಡಗೆ? ಹಾಂ, ಅದು ಸಣ್ಣದು ಕಳೆದುಹೋಗತ್ತೆ ಅಂತ ಬೇರೆ ಎತ್ತಿಟ್ಟೆ. ಜೋಪಾನವಾಗಿ."

"ಎಲ್ಲಿ?"

ಅಮ್ಮ ಮೇಲೆ ನೋಡಿದ್ಲು. ಕೆಳಗೆ ನೋಡಿದ್ಲು. "ಇರು ಹೇಳ್ತೀನಿ" ಅಂದ್ಲು.

ಆ ಭಾನುವಾರ ಪೂರ್ತಿ ಡಬ್ಬಿಗಳನ್ನ ಇಳಿಸಿದ್ವಿ. ಅಮ್ಮನ ಡಬ್ಬಿಗಳ ಲೋಕ ನಿಮಗೆ ಗೊತ್ತಿರತ್ತೆ, ಬಿಸ್ಕತ್ತಿನ ಡಬ್ಬೀಲಿ ಸೂಜಿದಾರ, ಸ್ವೀಟ್ ಬಾಕ್ಸಲ್ಲಿ ಬಿಲ್ಲು, ಔಷಧಿ ಡಬ್ಬೀಲಿ ಸ್ಕ್ರೂ, ಯಾವುದರಲ್ಲೂ ಹೊರಗಡೆ ಬರೆದಿರೋದು ಒಳಗಡೆ ಇರಲ್ಲ. ಕರ್ಟನ್ನಿನ ಕೊಕ್ಕೆ ಹನ್ನೊಂದು ಸಿಕ್ತು. ಒಂಟಿ ಓಲೆ ತಿರುಪು. ನಡೆಯೋದು ನಿಂತು ಎಷ್ಟೋ ವರ್ಷ ಆಗಿರೋ 25 ಪೈಸೆ ಒಂದು ಹಿಡಿ. ಹಳೇ ರೇಡಿಯೋದ ಗುಬುಟು. ಮಗನ ಬಿದ್ದ ಹಲ್ಲು ಹತ್ತೀಲಿ ಸುತ್ತಿಟ್ಟಿದ್ದು, ಅದು ಮಗಂದೋ ನಂದೋ ಅಂತ ಸ್ವಲ್ಪ ಚರ್ಚೆ ಆಯ್ತು. ಆಮೇಲೆ ಒಂದು ಅಡಿಕೆ ಡಬ್ಬಿಯ ತಳದಲ್ಲಿ ಸ್ಕೂಟರ್ ಕೀ.

ಅಪ್ಪನ ಸ್ಕೂಟರಿಂದು. ಎರಡನೇ ಕೀ. 2006ರಲ್ಲಿ ಆ ಸ್ಕೂಟರ್ ಮಾರೋವಾಗ ತಗೊಳೋನು ಇನ್ನೊಂದು ಕೀ ಕೊಡಿ ಅಂದ, ಅಮ್ಮ ಜೋಪಾನವಾಗಿ ಎತ್ತಿಟ್ಟಿದ್ದಳಲ್ಲ, ಸಿಗ್ಲಿಲ್ಲ, ಇನ್ನೂರು ರೂಪಾಯಿ ಹಿಡ್ಕೊಂಡು ಕೊಟ್ಟ. ಅಪ್ಪ ಆ ಇನ್ನೂರು ರೂಪಾಯಿನ ಆಮೇಲೆ ಎಷ್ಟು ವರ್ಷ ಎತ್ತಿ ಆಡಿದ್ರು ಅಂದ್ರೆ, ಯಾರಾದ್ರೂ ಮನೇಲಿ ಕನ್ನಡಕ ಎಲ್ಲಿ ಅಂತ ಕೇಳಿದ್ರೆ ಸಾಕು, "ಸ್ಕೂಟರ್ ಕೀ ಪಕ್ಕ ನೋಡು" ಅನ್ನೋರು. ಅಪ್ಪ ಹೋಗಿ ಒಂಬತ್ತು ವರ್ಷ. ಸಂಜೆ ಗೇಟ್ ಹತ್ರ ಸ್ಕೂಟರನ್ನ ಎಡಕ್ಕೆ ಸ್ವಲ್ಪ ವಾಲಿಸಿ, ಎರಡು ಸಲ ಹಾರ್ನ್ ಹೊಡೆದು ಆಫ್ ಮಾಡೋರು, ಆ ಎರಡನೇ ಹಾರ್ನಿಗೆ ಅಮ್ಮ ಕಾಫಿಗೆ ಹಾಲಿಡೋಳು. ಕೀ ಕೈಲಿ ಹಿಡ್ಕೊಂಡು ಅಮ್ಮ ಸೆರಗಲ್ಲಿ ಎರಡು ಸಲ ಒರೆಸಿದ್ಲು, ಹಲ್ಲಿನ ಸಂದೀಲಿದ್ದ ಅಡಿಕೆ ಪುಡಿ ಉಗುರಲ್ಲಿ ತೆಗೆದ್ಲು. ಆಮೇಲೆ ಮತ್ತೆ ಅದೇ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ್ಲು. ನಾನು ಸಿ-17 ವಿಷಯ ಅವತ್ತು ಮತ್ತೆ ಎತ್ತಲಿಲ್ಲ.

ಕತ್ತಿಗೆ ಏನು ಮಾಡೋದು? ಮಾಡೆಲ್ ಕಟ್ಟೋರು ಮುರಿದ ಕೀಲಿಗೆ ಹಿತ್ತಾಳೆ ಸರಳು ತೂರಿಸ್ತಾರಂತೆ. ನಮ್ಮನೇಲಿ ಹಿತ್ತಾಳೆ ಸರಳಿಲ್ಲ, ತೆಂಗಿನ ಪೊರಕೆ ಇದೆ. ಗಟ್ಟಿ ಕಡ್ಡಿ ಒಂದು ಆರಿಸಿ, ಎರಡು ಇಂಚಿಗೆ ಕತ್ತರಿಸಿ, ದಬ್ಬಣ ಕಾಯಿಸಿ ತಲೆಗೊಂದು ತೂತು ಎದೆಗೊಂದು ತೂತು ಹಾಕಿ, ಕಡ್ಡಿ ತೂರಿಸಿ ಸೂಪರ್ ಗ್ಲೂ ಬಿಟ್ಟೆ. ತಲೆ ನಿಂತಿತು. ಇನ್ನು ಈ ಜನ್ಮದಲ್ಲಿ ಆಚೆ ಈಚೆ ತಿರುಗಲ್ಲ, ಆದ್ರೆ ನಿಂತಿತು. ಗ್ಲೂ ಹೊಗೆಗೆ ಪಾರದರ್ಶಕ ಹಸಿರು ಕಣ್ಣುಗಳ ಮೇಲೆ ಬೆಳ್ಳಗೆ ಪೊರೆ ಕಟ್ಕೊಂಡು ಗುಂಡಮ್ಮನಿಗೆ ಎರಡೂ ಕಣ್ಣಿಗೆ ಮೋತಿಬಿಂದು. ನನ್ನ ಎರಡು ಬೆರಳು ಒಂದಕ್ಕೊಂದು ಅಂಟಿ, ಬಿಸಿ ನೀರಲ್ಲಿ ಅದ್ಕೊಂಡು ಕೂತು ಅರ್ಧ ಗಂಟೆ, ಆ ಕೈಲೇ ಆಫೀಸ್ ಮೀಟಿಂಗಲ್ಲಿ ಟಾಟಾ ಮಾಡ್ದೆ. ಕೊನೆಗೂ ನಿನ್ನೆ ರಾತ್ರಿ ಎಲ್ಲಾ ಮುಗಿದು, ಕೈ ಎತ್ತಿಸಿ ನಿಲ್ಲಿಸಿ, ಮಗನ ಎಬ್ಬಿಸಿ ತೋರಿಸಿದ್ರೆ "ಸೂಪರ್ ಅಪ್ಪ" ಅಂದು ಆ ಕಡೆ ತಿರುಗಿ ಮಲಗಿದ.

ಆ ಕೈಯೇ ಇವತ್ತು ಬೆಳಿಗ್ಗೆ ಇಲ್ಲ.

ಲಾಗಿನ್ ಆಗೋ ಟೈಮು ಆಗಿತ್ತು, ಆದ್ರೂ ಬಿಡ್ಲಿಲ್ಲ. ಸ್ಟೂಲ್ ಹತ್ತಿದೆ. ರವೆ ಡಬ್ಬ, ಮೆಂತ್ಯದ ಡಬ್ಬ, ಬಿಸ್ಕತ್ ಡಬ್ಬ, ಹಾರ್ಲಿಕ್ಸ್ ಬಾಟ್ಲಿ. ಇಲ್ಲ. ಅಮ್ಮ ಕೆಳಗೆ ನಿಂತ್ಕೊಂಡು "ಅಲ್ಲಿಟ್ಟಿಲ್ಲ, ಅಲ್ಲೂ ಇಟ್ಟಿಲ್ಲ, ಅಲ್ಲಂತೂ ನಾನು ಇಡೋದೇ ಇಲ್ಲ" ಅಂತ ಪಕ್ಕಾ ಹೇಳ್ತಿದ್ಲು, ಎಲ್ಲಿ ಇಟ್ಟಿಲ್ಲ ಅನ್ನೋದು ಅವಳಿಗೆ ಯಾವಾಗ್ಲೂ ಚೆನ್ನಾಗಿ ಗೊತ್ತಿರತ್ತೆ. ಕೊನೆಗೆ ದೇವರ ಮನೆ ಡ್ರಾಯರ್ ಎಳೆದೆ. ಕರ್ಪೂರ, ಬತ್ತಿ, ಪಂಚಾಂಗ, ಅದರ ಕೆಳಗೆ ಯಾರದೋ ಹಳೇ ಲಗ್ನಪತ್ರಿಕೆಯ ಕವರು. ಒಳಗೆ ಏನೋ ಅಲ್ಲಾಡ್ತು. ಕವರಿನ ಮೇಲೆ ಅಮ್ಮನ ಗುಂಡು ಗುಂಡಾದ ಅಕ್ಷರದಲ್ಲಿ, "ಗುಂಡಮ್ಮಂದು ಏನೋ ಒಂದು."

ಅಂಗೈಗೆ ಬಗ್ಗಿಸಿದೆ. ಸಿ-17.

"ನೋಡಿದ್ಯಾ?" ಅಂದ್ಲು ಅಮ್ಮ, "ನಾನು ಹೇಳ್ಲಿಲ್ವಾ?"

ಕತ್ತಿಗೆ ಪೊರಕೆ ಕಡ್ಡಿ ಹೋಗಿ ಗ್ಲೂ ಕಲ್ಲಾಗಿದೆ, ಇದನ್ನ ಹಾಕಬೇಕು ಅಂದ್ರೆ ತಲೆ ಕಡಿಯಬೇಕು. ಹಾಲಲ್ಲಿ ಲ್ಯಾಪ್‌ಟಾಪು ಟಿಂಗ್ ಟಿಂಗ್ ಅಂತಿದೆ, ಮ್ಯಾನೇಜರ್ರು ಬಂದಾಯ್ತು. ಸ್ಟೂಲ್ ಮೇಲಿಂದ ಇಳಿಯಕ್ಕೂ ತೋಚದೆ ಆ ಅವಲಕ್ಕಿ ಕಾಳಿನಂಥದ್ದನ್ನ ಹಿಡ್ಕೊಂಡು ನಿಂತಿದ್ದೆ.

"ಕೊಡಿಲ್ಲಿ" ಅಂತ ಅಮ್ಮ ಕೈ ಚಾಚಿದ್ಲು. "ಮತ್ತೆ ಎಲ್ಲಾದ್ರೂ ಕಳೆದುಹಾಕ್ತೀಯ. ಎತ್ತಿಡ್ತೀನಿ."

ಕೊಟ್ಟೆ.